ಹೂಂಗುಟ್ಟಿದರೆ ಕೇಳಿದಂತಾಗುತ್ತದೆಯೇ?

ಪ್ರಶ್ನೆ (ನವನಗರ, ಬಾಗಲಕೋಟೆ):
ನಮ್ಮ ಮಾವನವರು ರಾತ್ರಿ ಊಟವಾದ ಮೇಲೆ ಹಳೆಯ ಬಾಗಲಕೋಟೆಯ ಮಾತು ತೆಗೆಯುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಹೋಗುವ ಮುನ್ನ ತಲೆಬಾಗಿಲ ಚೌಕಟ್ಟನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದನ್ನು ಅವರು ಹೇಳುತ್ತಿರುವಾಗ, ಬಂದವರು ಯಾರಾದರೂ "ಪರಿಹಾರ ಎಷ್ಟು ಬಂತ್ರಿ?" ಎಂದು ನಡುವೆ ಬಾಯಿ ಹಾಕಿದರೆ, ಮೊತ್ತವನ್ನು ಹೇಳಿ ಸುಮ್ಮನಾಗಿಬಿಡುತ್ತಾರೆ. ಮಕ್ಕಳಂತೂ ಮೊಬೈಲ್ ನೋಡುತ್ತಲೇ ಹೂಂಗುಟ್ಟುತ್ತಾರೆ. ಹಲವು ಬಾರಿ ಕೇಳಿದ ಕಥೆಯನ್ನೂ ಮನಸ್ಸಿಟ್ಟು ಕೇಳುವುದು ಹೇಗೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ನಿವೃತ್ತ ಶಿಕ್ಷಕ, ವಿಜಯಪುರ):
ಕೇಳುವವರ ಲಕ್ಷ್ಯ ತಪ್ಪಿದರೆ ಹೇಳುವವರ ಮಾತೇ ಕೆಡುತ್ತದೆ, ತಂಗಿ. ಕೆನಡಾದ ಮನಶ್ಶಾಸ್ತ್ರಜ್ಞೆ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಬ್ಬರು ತಾವು ಅಪಾಯದಿಂದ ಪಾರಾದ ಪ್ರಸಂಗವನ್ನು ಹೇಳುತ್ತಿದ್ದರೆ, ಎದುರು ಕುಳಿತ ಕೆಲವರಿಗೆ ಆ ಮಾತಿನಲ್ಲಿ 'ಟಿ' ಅಕ್ಷರದಿಂದ ಆರಂಭವಾಗುವ ಇಂಗ್ಲಿಷ್ ಶಬ್ದಗಳನ್ನು ಎಣಿಸುವ ಕೆಲಸ ಕೊಡಲಾಗಿತ್ತು. ಎಣಿಕೆಯಲ್ಲಿ ಮುಳುಗಿದವರು ಪ್ರಸಂಗಕ್ಕೆ ತಕ್ಕಂತೆ ಬೆಚ್ಚುವುದು, ಮುಖ ಕಿವುಚುವುದು ಬಹುಮಟ್ಟಿಗೆ ನಿಂತುಹೋಯಿತು. ಹೇಳುವವರೂ ಕೊನೆಯ ಭಾಗದಲ್ಲಿ ತಡವರಿಸಿ, ಹೇಳಿದ್ದನ್ನೇ ತಿರುತಿರುಗಿ ಹೇಳಿದರು. ನಿಮ್ಮ ಮಾವನವರು ಅದೇ ಕಥೆಗೆ ಮರಳುವುದಕ್ಕೆ, ಅದನ್ನು ಒಮ್ಮೆಯೂ ಪೂರ್ತಿ ಹೇಳಗೊಡದಿರುವುದು ಕಾರಣವಿರಬಹುದೇ ಎಂದು ನನಗೆ ಅನಿಸುತ್ತದೆ.

ಉತ್ತರ (ಸೀರೆ ಅಂಗಡಿ, ಇಳಕಲ್ಲ):
ಅಂಗಡಿಯಲ್ಲಿ ದಿನವೂ ಇದನ್ನು ಕಾಣುತ್ತೇನೆ. "ನಮ್ಮ ಅವ್ವಗ ಒಂದು ಸೀರಿ ಬೇಕಾಗಿತ್ತು, ಆದರ..." ಎಂದು ಗಿರಾಕಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹುಡುಗರು ಅಪ್ಪಟ ರೇಷ್ಮೆಯದನ್ನು ಬಿಚ್ಚಿ ಹಾಸಿರುತ್ತಾರೆ. ತಾಯಿಗೆ ಈಗ ಭಾರದ ಸೀರೆ ಉಡಲಾಗುವುದಿಲ್ಲವೆಂಬ ವಿಷಯ ಆ 'ಆದರ' ಎಂಬುದರ ಮುಂದೆ ಇತ್ತು. ಪರಿಹಾರದ ಮೊತ್ತ ಕೇಳುವವರದೂ ಇದೇ ಅವಸರ. ಮಾವನವರು ಹೇಳಿದ್ದರೊಳಗಿನಿಂದಲೇ ಒಂದು ಪ್ರಶ್ನೆ ಕೇಳಿ ನೋಡಿರಿ: ಚೌಕಟ್ಟನ್ನು ಮಾಡಿದ ಬಡಿಗೇರ ಯಾರು, ಟ್ರ್ಯಾಕ್ಟರಿನಲ್ಲಿ ಜೊತೆಗೆ ಯಾರು ಕುಳಿತಿದ್ದರು. ನೀವೂ ಕೇಳಿರದ ಸಂಗತಿ ಹೊರಬಂದರೆ ಹಳೆಯ ಕಥೆಯೆಂಬ ಬೇಸರ ಎಲ್ಲಿ ಉಳಿಯಿತು?

ಉತ್ತರ (ಆಪ್ತಸಮಾಲೋಚಕಿ, ಬೆಳಗಾವಿ):
ಕೇಳಿದ್ದನ್ನು ತನ್ನ ಮಾತಿನಲ್ಲಿ ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕೆಂದು ಯಾರಾದರೂ ನಿಮಗೆ ಸಲಹೆ ಕೊಡಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ವಿವರಿಸಿದ ಈ ಕ್ರಮವನ್ನು ನಾನು ವೃತ್ತಿಯಲ್ಲಿ ಬಳಸುತ್ತೇನಾದರೂ, ಪಡಸಾಲೆಯಲ್ಲಿ ಹಿರಿಯರೆದುರು ಹಾಗೆ ಮಾಡಿದರೆ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ಅವರು ನಡುವೆ ತಡೆದಾಗ ಆ ಮೌನವನ್ನು ತುಂಬಲು ಹೋಗದಿದ್ದರೆ ಸಾಕು. ಇನ್ನು ಮಕ್ಕಳ ವಿಷಯ: ಅವರಿಗೆ ಶಾಲೆಯ ಓದೋ ಬೇಸರವೋ ಇದ್ದ ದಿನ, ಸುಳ್ಳು ಹೂಂಗುಟ್ಟುತ್ತಾ ಕೂರಿಸುವ ಬದಲು, "ನಾಳೆ ಕೇಳ್ತೀನಿ ಅಜ್ಜಾ" ಎಂದು ಹೇಳಿ ಎದ್ದುಹೋಗಲು ಬಿಡಿರಿ.