ಕ್ರೋಶಾ ಡಾಯ್ಲಿಯ ಸನ್ ಕ್ಯಾಚರ್: ಅಂಚು ಮುರುಟುತ್ತದೆ, ನಡು ಜೋಲುತ್ತದೆ

ನೂಲುಂಡೆ (ಕಾರವಾರ):
ಪಶ್ಚಿಮದ ಕಿಟಕಿಯಲ್ಲಿ ಬಿಸಿಲಿಗೆ ತೂಗುವ ಅಲಂಕಾರಕ್ಕೆ, ಅಂದರೆ ಸನ್ ಕ್ಯಾಚರಿಗೆ, ಡಾಯ್ಲಿ (ದುಂಡನೆಯ ಲೇಸು ಹಾಸು) ಹೆಣೆದೆ. 10 ನಂಬರಿನ ಮರ್ಸರೈಸ್ಡ್ (ಹೊಳಪು ಕೊಟ್ಟ) ಹತ್ತಿ ದಾರ, 1.5 ಮಿಮೀ ಕೊಕ್ಕೆಯ ಕಡ್ಡಿ, 12 ಎಸಳು. ಪ್ಯಾಟರ್ನ್ ಪ್ರಕಾರ ಒಂಬತ್ತು ಸುತ್ತಿಗೆ 17 ಸೆಂಮೀ ಬರಬೇಕಿತ್ತು, 10ಕ್ಕೇ ನಿಂತಿತು. ಮತ್ತೆ ಎಂಟು ಸುತ್ತು ಹಾಕಿ 19 ಮುಟ್ಟಿಸಿದೆ. ಮೂರನೇ ಸುತ್ತಿನಿಂದಲೇ ಅಂಚು ಕರಿದ ಹಪ್ಪಳದ ಹಾಗೆ ಅಲೆ ಅಲೆ. 20 ಸೆಂಮೀ ಕಬ್ಬಿಣದ ತಂತಿ ರಿಂಗಿಗೆ ಕಟ್ಟಿದ್ದೇನೆ. ಅನ್ನದ ಗಂಜಿ ಹಾಕಿದ್ದರೂ ವಾರದಲ್ಲಿ ಜೋತುಬಿತ್ತು, ರಿಂಗು ತಾಗಿದಲ್ಲೆಲ್ಲ ತುಕ್ಕಿನ ಕಲೆ. ಅಕ್ರಿಲಿಕ್ ಮಣಿಯಿಂದ ಕಾಮನಬಿಲ್ಲೂ ಬೀಳುತ್ತಿಲ್ಲ. ಗಂಜಿ ಬದಲು ಬಿಳಿ ಅಂಟು ಹಾಕಲೇ?

ಕೊಕ್ಕೆಕಡ್ಡಿ (ಕುಮಟಾ):
ಅಂಟು ಆಮೇಲಿನ ಮಾತು. ಪ್ಯಾಟರ್ನ್ ಅಮೆರಿಕದ್ದಲ್ವಾ? ಅವರ ಡಬಲ್ ಕ್ರೋಶಾ ಅಂದರೆ ಮೊದಲು ಕಡ್ಡಿಗೊಂದು ಸುತ್ತು ದಾರ ಹಾಕಿ, ಆಮೇಲೆ ಎರಡೆರಡೇ ಕುಣಿಕೆ ಬಿಡಿಸುವ ಎತ್ತರದ ಹೊಲಿಗೆ. ಬ್ರಿಟಿಷ್ ಹೆಸರಿನಲ್ಲಿ ಕಲಿತವರಿಗೆ ಅದು ಟ್ರೆಬಲ್, ಅವರ ಡಬಲ್ ಗಿಡ್ಡ ಹೊಲಿಗೆ. ಎತ್ತರದ್ದು ಸಪಾಟಾಗಿ ಕೂರಲು ಪ್ರತಿ ಸುತ್ತಿಗೆ 12 ಹೊಲಿಗೆ ಏರಬೇಕು: 12, 24, 36. ಗಿಡ್ಡದ್ದಕ್ಕೆ 6 ಸಾಕು. ನೀವು ಗಿಡ್ಡ ಹೊಲಿಗೆಗೆ 12 ಏರಿಸಿದ್ದೀರಿ, ಹೆಚ್ಚಾದ ಹೊಲಿಗೆಗೆ ಜಾಗವಿಲ್ಲದೆ ಅಂಚು ಮುರುಟಿದೆ. ಅಗಲ 10ಕ್ಕೆ ನಿಂತದ್ದೂ ಹೊಲಿಗೆ ಗಿಡ್ಡವಾದ್ದಕ್ಕೇ. (ಏರಿಕೆ ಕಡಿಮೆಯಾದರೆ ಉಲ್ಟಾ, ಬಟ್ಟಲಾಗ್ತದೆ.) ಇಸ್ತ್ರಿಗೆ ಬಗ್ಗುವ ತಪ್ಪಲ್ಲ ಇದು, ಹೊಸ ದಾರದಲ್ಲೇ ಮತ್ತೆ ಹಾಕಿ. ಪ್ರತಿ ಸುತ್ತು ಮುಗಿದಾಗ ಮೇಜಿನ ಮೇಲಿಟ್ಟು ನೋಡಿ, ಒಂಬತ್ತನೆಯದರವರೆಗೆ ಕಾಯಬೇಡಿ.

ಜೋಲುವುದಕ್ಕೆ ಕಾರಣ ಬೇರೆ. 20ರ ರಿಂಗಿನೊಳಗೆ 19ರ ಡಾಯ್ಲಿ ಇಟ್ಟರೆ ಎಳೆಯಲು ಜಾಗವೆಲ್ಲಿದೆ? 17ರದ್ದನ್ನು ಎಳೆದು 18.5 ಮಾಡಿ, ಉಳಿದದ್ದು ಕಟ್ಟುವ ದಾರಕ್ಕೆ. ಕರಾವಳಿಯ ತೇವದಲ್ಲಿ ಲೇಸು ಗಂಜಿಯ ಬಲದಲ್ಲಿ ನಿಲ್ಲುವುದಿಲ್ಲ, ಎಳೆತದಲ್ಲೇ ನಿಲ್ಲಬೇಕು. ಮೊದಲು ರಿಂಗಿನ ಸುತ್ತ 240 ಗಿಡ್ಡ ಹೊಲಿಗೆ ತುಂಬಿಸಿ, 20ಕ್ಕೊಂದು ಬಣ್ಣದ ದಾರದ ಗುರುತು. ಆಗ 12 ಎಸಳಿಗೂ ಸಮ ಅಂತರ. ಡಾಯ್ಲಿಯನ್ನು ಒದ್ದೆ ಮಾಡಿ, ಗಡಿಯಾರದ 12 ಮತ್ತು 6, ಆಮೇಲೆ 3 ಮತ್ತು 9 ತಾತ್ಕಾಲಿಕವಾಗಿ ಕಟ್ಟಿ. ಪಕ್ಕಪಕ್ಕದ್ದನ್ನೇ ಕಟ್ಟುತ್ತಾ ಹೋದರೆ ನಡು ಒಂದು ಕಡೆ ಜರುಗ್ತದೆ. ಕೊನೆಗೆ ಎರಡು ಮೀಟರ್ ದಾರವನ್ನು ಎಸಳು, ರಿಂಗು, ಎಸಳು, ರಿಂಗು ಎಂದು ಒಂದೇ ಎಳೆಯಾಗಿ ಹಾಯಿಸಿ, ಸುತ್ತ ಎರಡು ಸಲ ಬಿಗಿ ಮಾಡಿ ಗಂಟು ಹಾಕಿ. ದಿನ ಕಳೆದಂತೆ ಹತ್ತಿ ಸ್ವಲ್ಪ ಸಡಿಲವಾಗ್ತದೆ, ಆಗ ಆ ಒಂದು ಗಂಟು ಬಿಚ್ಚಿ ಎಳೆದರಾಯ್ತು.

ಘಟ್ಟದಮೇಲೆ (ಶಿರಸಿ):
ಮೇಲಿನದು ಒಪ್ಪಿದೆ, ಆದರೆ ಗಂಜಿಯನ್ನು ಪೂರ್ತಿ ಬೈಯಬೇಡಿ. ರಿಂಗಿಲ್ಲದೆ ತೂಗುವ 8-10 ಸೆಂಮೀ ಚಿಕ್ಕ ಹೂವಿಗೆ ಗಡಸು ಬೇಕೇ ಬೇಕು. ಬಿಳಿ ಅಂಟು ಒಂದು ಪಾಲು, ನೀರು ಎರಡು ಪಾಲು. ಅದ್ದಿ ಹಿಂಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಥರ್ಮೋಕೋಲಿನ ಮೇಲೆ ತುಕ್ಕು ಹಿಡಿಯದ ಪಿನ್ ಚುಚ್ಚಿ ಹರಡಿ. ಒಣಗುವ ಮುಂಚೆ ಪ್ರತಿ ಕಿಂಡಿಗೂ ಊದಿ, ಇಲ್ಲದಿದ್ದರೆ ಅಂಟಿನ ಪೊರೆ ಕೂತು ಬೆಳಕಿನಲ್ಲಿ ಬಿಳಿ ಚುಕ್ಕೆ ಕಾಣ್ತದೆ. ಅನ್ನದ ಗಂಜಿಯಾದರೆ ಮಳೆಗಾಲಕ್ಕೆ ಬೂಸು, ಜಿರಳೆ.

ರಿಂಗಿಗೆ 3 ಮಿಮೀ ಸ್ಟೇನ್‌ಲೆಸ್ ಕಂಬಿ, ಗ್ರಿಲ್ ಮಾಡುವವರು ಬೆಸೆದು ಕೊಡ್ತಾರೆ. ಹಿತ್ತಾಳೆ ಬೇಡ, ಹಸಿರು ಕಿಲುಬು ದಾರಕ್ಕಿಳಿಯುತ್ತದೆ.

ನೂಲುಂಡೆ (ಕಾರವಾರ):
ಹೌದು, ಪ್ಯಾಟರ್ನ್ ಅಮೆರಿಕದ್ದೇ! ಹೊಸದು ಶುರು ಮಾಡ್ತೇನೆ. ಹಳೆಯದನ್ನು ಮೇಜಿಗಾದರೂ ಹಾಕಬಹುದು. ತುಕ್ಕು ಹೋಗ್ತದಾ? ಮಣಿ ಯಾವುದು?

ಕೊಕ್ಕೆಕಡ್ಡಿ (ಕುಮಟಾ):
ಕಲೆಗೆ ಲಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು, ಚೆನ್ನಾಗಿ ತೊಳೆಯಿರಿ. ಬ್ಲೀಚ್ ಹಾಕಿದರೆ ತುಕ್ಕು ಇನ್ನೂ ಗಟ್ಟಿ ಕೂರ್ತದೆ.

ಕಾಮನಬಿಲ್ಲಿಗೆ ಮುಖ ಕಡಿದ ಗಾಜಿನ ಗುಂಡು ಬೇಕು, 20-30 ಮಿಮೀ. ಬರೀ ಬೆಳಕು ಸಾಲದು, ನೇರ ಬಿಸಿಲು ಗುಂಡಿಗೆ ತಾಗಬೇಕು, ಎದುರಿನ ಗೋಡೆ ಮಬ್ಬಾಗಿರಬೇಕು. ಗುಂಡನ್ನು ಎಸಳಿಗೆ ಕಟ್ಟಬೇಡಿ, ಅದರ ಭಾರಕ್ಕೆ ಲೇಸು ಮೊಟ್ಟೆಯಾಕಾರಕ್ಕೆ ಇಳಿಯುತ್ತದೆ. ರಿಂಗಿನ ಕೆಳಗೆ ಗಾಳದ ನೈಲಾನ್ ದಾರದಲ್ಲಿ ತೂಗಿ. ಲೇಸಿನೊಳಗೇ ಮಣಿ ಬೇಕಿದ್ದರೆ, 10 ನಂಬರ್ ದಾರ ತೂರುವ 4 ಮಿಮೀ ಗಾಜಿನ ಮಣಿಗಳನ್ನು ಹೆಣೆಯುವ ಮುಂಚೆಯೇ ಪೋಣಿಸಿಕೊಳ್ಳಿ. ಮೂರು ಸುತ್ತಿಗೆ 36, ಒಡೆದದ್ದಕ್ಕೆಂದು ನಾಲ್ಕು ಹೆಚ್ಚಿಗೆ.

ಘಟ್ಟದಮೇಲೆ (ಶಿರಸಿ):
ನಿಮ್ಮ ಪಶ್ಚಿಮದ ಕಿಟಕಿ ಸಂಜೆಗೆ ಸರಿ. ಇಲ್ಲಿನ ತಗ್ಗು ಸೂರಿನ ಮನೆಯವರು ಪೂರ್ವದ ಕಿಟಕಿ ನೋಡಿಕೊಳ್ಳಿ, ಬೆಳಗಿನ ಓರೆ ಬಿಸಿಲು ಸೂರಿನ ಕೆಳಗೆ ನುಸುಳುತ್ತದೆ. ಜೂನ್ ಬಂತೆಂದರೆ ಇಳಿಸಿ, ತೊಳೆದು, ಒಣಗಿಸಿ ಡಬ್ಬಿಗೆ ಹಾಕಿಡಿ.