‘ಹೋಮ್’ ಮತ್ತು ‘ಝೀರೋ’: ಎರಡಕ್ಕೂ ‘ಮೂಲ’ ಎಂದರೆ ಸರಿಯೇ?

ಬಲ್ಲವರಿಗೆ ನಮಸ್ಕಾರ.

ಮೇಜಿನ ಮೇಲೆ ಇಟ್ಟುಕೊಳ್ಳುವ ಸಣ್ಣ ಹವ್ಯಾಸಿ ಸಿಎನ್‌ಸಿ ಯಂತ್ರದ (ಕಂಪ್ಯೂಟರಿನ ಆಜ್ಞೆಯಂತೆ ಮರ ಕೆತ್ತುವ ಯಂತ್ರ) ನಿಯಂತ್ರಕವನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಂತ್ರ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ತುಂಬಿದ ಆರ್ಡುಯಿನೋ ಫಲಕ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ಸ್ಟೆಪರ್ ಮೋಟರು, ಕೆತ್ತುವ ಉಳಿಯನ್ನು ತಿರುಗಿಸುವ ಒಂದು ಸ್ಪಿಂಡಲ್, ಅಷ್ಟೇ. ಮೋಟರು, ಸ್ವಿಚ್ಚುಗಳಿಗೆ ಕನ್ನಡ ಹುಡುಕುವ ಹಟ ನನಗಿಲ್ಲ. ತೊಡಕಾಗಿರುವುದು ಯಂತ್ರ ಏನು ಮಾಡುತ್ತದೆ ಎಂದು ಹೇಳುವ ಪದಗಳಲ್ಲಿ, ಅದರಲ್ಲೂ ‘ಹೋಮ್’ ಮತ್ತು ‘ಝೀರೋ’ ಎಂಬ ಜೋಡಿಯಲ್ಲಿ.

ಮೊದಲ ಕರಡಿನಲ್ಲಿ ಎರಡಕ್ಕೂ ‘ಮೂಲ’ ಎಂದೇ ಬರೆದಿದ್ದೆ. ಗಣಿತದಲ್ಲಿ ಅಕ್ಷಗಳು ಕೂಡುವ ಜಾಗ ‘ಮೂಲಬಿಂದು’ ಅಲ್ಲವೇ, ಅದೇ ಸಲುಗೆ. ಹೋಮ್‌ನ ಗುಂಡಿಗೆ ‘ಮೂಲಕ್ಕೆ ಹೋಗು’, ಝೀರೋದ ಗುಂಡಿಗೆ ‘ಕೆಲಸದ ಮೂಲಕ್ಕೆ ಹೋಗು’. ಕರಡನ್ನು ಮುಂದಿಟ್ಟುಕೊಂಡು ಯಂತ್ರ ನಡೆಸಿದ ಗೆಳೆಯನೊಬ್ಬ ಅರ್ಧದಲ್ಲಿ ಕೆಲಸ ನಿಲ್ಲಿಸಿ ಎರಡನೆಯದನ್ನು ಒತ್ತಿದ. ಉಳಿ ಆಗ ಮರದೊಳಗೆ 2 ಮಿಲಿಮೀಟರ್ ಇಳಿದಿತ್ತು. ಮೇಲೇಳದೆ ಅಡ್ಡಡ್ಡಲಾಗಿ ಮರವನ್ನು ಸೀಳಿಕೊಂಡು ಹೋಗಿ, ಹಲಗೆಯನ್ನು ಹಿಡಿದಿದ್ದ ಕ್ಲ್ಯಾಂಪಿಗೆ ಬಡಿದು, ಟಕ್ಕೆಂದು ಮುರಿಯಿತು. ಮೋಟರು ಅಲ್ಲೇ ಗುರ್ ಎನ್ನುತ್ತಿತ್ತು. ತೆರೆಯ ಮೇಲೆ ಮಾತ್ರ ಎಕ್ಸ್ ಸೊನ್ನೆ, ವೈ ಸೊನ್ನೆ, ಎಲ್ಲವೂ ಕ್ಷೇಮ. ‘ಮೂಲಕ್ಕೆ ಹೋಗುವಾಗ ಮೊದಲು ಮೇಲೇಳುತ್ತದಲ್ಲ, ಬೆಳಿಗ್ಗೆ ಹಾಗೆಯೇ ಮಾಡಿತ್ತು’ ಎಂದ ಅವನು. ಅವನ ಮಾತು ಸರಿ. ತಪ್ಪು ನನ್ನ ಪದದ್ದು.

ಹೋಮಿಂಗ್ ಎಂದರೆ ಯಂತ್ರ ತನ್ನ ಚೌಕಟ್ಟಿನ ಮೂಲೆಯನ್ನು ತಡವಿ ಕಂಡುಕೊಳ್ಳುವುದು. ಮೊದಲು ಜೆಡ್ ಅಕ್ಷ ಮೇಲೇರುತ್ತದೆ, ಆಮೇಲೆ ಎಕ್ಸ್, ವೈ ಅಂಚಿಗೆ ಸರಿದು ಸ್ವಿಚ್ಚನ್ನು ಮುಟ್ಟಿ, ತುಸು ಹಿಂದೆ ಬಂದು ನಿಲ್ಲುತ್ತವೆ. ಝೀರೋ ಹಾಗಲ್ಲ. ಅದು ನಾವು ಹಲಗೆಯ ಮೇಲೆ ಎಲ್ಲೋ ಒಂದು ಕಡೆ ಉಳಿಯನ್ನು ತಂದು ನಿಲ್ಲಿಸಿ ‘ಇದೇ ಸೊನ್ನೆ’ ಎಂದು ಹೇಳಿಕೊಟ್ಟ ಜಾಗ. ಜಿ54 ಎಂಬ ಹೆಸರಿನಲ್ಲಿ ನಿಯಂತ್ರಕ ನೆನಪಿಟ್ಟುಕೊಳ್ಳುವುದು ಇದನ್ನು. ಇನ್ನೊಂದು ವಿಚಿತ್ರವಿದೆ. ಹೋಮ್‌ನಲ್ಲಿ ನಿಂತಾಗ ಯಂತ್ರದ ಸ್ವಂತ ಲೆಕ್ಕದಲ್ಲೂ ಸೊನ್ನೆ ಕಾಣುವುದಿಲ್ಲ. ಸ್ವಿಚ್ಚಿನಿಂದ 1 ಮಿಲಿಮೀಟರ್ ಹಿಂದೆ ಸರಿಯುವಂತೆ ಹೊಂದಿಸಿದ್ದರೆ, ಜಿಆರ್‌ಬಿಎಲ್‌ನ ರೂಢಿಯ ಹೊಂದಿಕೆಯಲ್ಲಿ ಮೂರೂ ಅಕ್ಷಗಳ ಮುಂದೆ ಋಣ 1.000 ಎಂದು ಕಾಣುತ್ತದೆ. ಆದ್ದರಿಂದ ಹೋಮ್‌ಗೆ ‘ಯಂತ್ರದ ಸೊನ್ನೆ’ ಎನ್ನೋಣವೆಂದು ಹೊರಟವರಿಗೆ ತೆರೆಯೇ ಅಡ್ಡ ಬರುತ್ತದೆ.

ಈಗ ನನ್ನ ಕೈಯಲ್ಲಿರುವುದು ‘ನೆಲೆ’. ಹೋಮ್ ಎಂದರೆ ನೆಲೆ, ಹೋಮಿಂಗ್ ಎಂದರೆ ‘ನೆಲೆಮುಟ್ಟುವುದು’; ಬಳಸುವವನಿಗೆ ಹೇಳುವಾಗ ‘ಯಂತ್ರವನ್ನು ನೆಲೆಮುಟ್ಟಿಸಿ’. ಯಂತ್ರ ನಿಜವಾಗಿಯೂ ಸ್ವಿಚ್ಚನ್ನು ಮುಟ್ಟುವುದರಿಂದ ‘ಮುಟ್ಟು’ ಇಲ್ಲಿ ಅಲಂಕಾರವಲ್ಲ. ಸ್ಥಾನದ ಲೆಕ್ಕ ಕಳೆದುಕೊಂಡಾಗ ‘ನೆಲೆ ತಪ್ಪಿದೆ’ ಎನ್ನಬಹುದು, ಅದು ಈಗಾಗಲೇ ನಮ್ಮ ಬಾಯಲ್ಲಿರುವ ಮಾತು. ಝೀರೋಗೆ ಬರೀ ‘ಸೊನ್ನೆ’, ಬೇಕಾದರೆ ‘ಕೆಲಸದ ಸೊನ್ನೆ’. ಕರಡು ನೋಡಿದ ಇನ್ನೊಬ್ಬರು ಹೋಮ್‌ಗೆ ‘ತವರು’ ಎಂದರು. ಕೇಳಲು ಚಂದ, ಹೋಗಿ ಬಾಗಿಲು ಮುಟ್ಟಿ ಕೂಡಲೇ ಹಿಂದಿರುಗುವ ತವರು ಎಂಥದ್ದು ಎಂದು ನಕ್ಕು ಬಿಟ್ಟೆವು. ‘ಮೂಲ’ವನ್ನಂತೂ ಕೈಬಿಟ್ಟಿದ್ದೇನೆ. ಅದಕ್ಕೆ ನಕ್ಷತ್ರದಿಂದ ವ್ಯಾಧಿಯವರೆಗೆ ಮೊದಲೇ ಸಾಕಷ್ಟು ಕೆಲಸವಿದೆ.

ಇದೇ ದಾರಿಯಲ್ಲಿ ‘ಅಲಾರಂ’ ಕೂಡ ಎಡವಿಸುತ್ತದೆ. ‘ಎಚ್ಚರಿಕೆ ಗಂಟೆ’ ಎಂದು ಬರೆದರೆ ಓದುವವನು ಸದ್ದಿಗಾಗಿ ಕಾಯುತ್ತಾನೆ. ಜಿಆರ್‌ಬಿಎಲ್‌ನಲ್ಲಿ ಗಂಟೆಯೂ ಇಲ್ಲ, ಸದ್ದೂ ಇಲ್ಲ. ಯಂತ್ರ ತನಗೆ ತಾನೇ ಬೀಗ ಹಾಕಿಕೊಂಡು ಕೂರುತ್ತದೆ. ಹೋಮಿಂಗ್ ಚಾಲೂ ಮಾಡಿಟ್ಟಿದ್ದರೆ ವಿದ್ಯುತ್ ಕೊಟ್ಟ ತಕ್ಷಣವೂ ಇದೇ ಸ್ಥಿತಿ. ಆಗ ಅದು ಎರಡು ದಾರಿ ತೋರಿಸುತ್ತದೆ: ಡಾಲರ್ ಗುರುತಿನ ಪಕ್ಕ ಎಚ್ ಬರೆದು ಕಳಿಸಿದರೆ ನೆಲೆಮುಟ್ಟುತ್ತದೆ, ಎಕ್ಸ್ ಬರೆದು ಕಳಿಸಿದರೆ ಬೀಗ ತೆರೆಯುತ್ತದೆ, ಅಷ್ಟೇ. ಬೀಗ ತೆರೆದ ಮಾತ್ರಕ್ಕೆ ತಪ್ಪಿದ ನೆಲೆ ಮರಳುವುದಿಲ್ಲ. ಅಲಾರಂ 1 ಎಂದರೆ ಚಲಿಸುತ್ತಿದ್ದಾಗ ಗಡಿಯ ಸ್ವಿಚ್ಚು ಒತ್ತಿಹೋಗಿ ಯಂತ್ರ ತಟ್ಟನೆ ನಿಂತಿದೆ, ಲೆಕ್ಕ ನಂಬುವಂತಿಲ್ಲ, ಮತ್ತೆ ನೆಲೆಮುಟ್ಟಿಸಬೇಕು. ಅಲಾರಂ 2 ಎಂದರೆ ಕೊಟ್ಟ ಆಜ್ಞೆಯೇ ಗಡಿಯಾಚೆಗಿತ್ತು, ಲೆಕ್ಕ ಕೆಟ್ಟಿಲ್ಲ, ಬೀಗ ತೆರೆದು ಮುಂದುವರಿಯಬಹುದು. ಎರಡಕ್ಕೂ ‘ಎಚ್ಚರಿಕೆ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ‘ತಡೆ’ ಎಂದರೆ ಹೇಗೆ? ‘ಎರರ್’ ಬೇರೆಯೇ, ಅಲ್ಲಿ ಆ ಒಂದು ಸಾಲನ್ನು ನಿಯಂತ್ರಕ ಒಪ್ಪಿಕೊಂಡಿಲ್ಲ. ಅದಕ್ಕೆ ‘ತಪ್ಪು’ ಸಾಕು.

ಗಡಿಗಳ ಮಾತು ಬಂತು. ‘ಹಾರ್ಡ್ ಲಿಮಿಟ್’, ‘ಸಾಫ್ಟ್ ಲಿಮಿಟ್’ಗಳಿಗೆ ‘ಗಟ್ಟಿ ಗಡಿ’, ‘ಮೆದು ಗಡಿ’ ಎಂದು ಒಂದು ಕಡೆ ಓದಿದೆ. ಮೆದು ಎಂದರೆ ತಳ್ಳಿದರೆ ಬಗ್ಗುತ್ತದೆ ಎಂದಾಯಿತಲ್ಲ! ಒಂದು ಸ್ವಿಚ್ಚಿನಿಂದ ಗೊತ್ತಾಗುವ ಗಡಿ, ಇನ್ನೊಂದು ಲೆಕ್ಕದಿಂದ ಗೊತ್ತಾಗುವ ಗಡಿ. ‘ಸ್ವಿಚ್ಚಿನ ಗಡಿ’, ‘ಲೆಕ್ಕದ ಗಡಿ’ ಎಂದು ಬರೆದಿದ್ದೇನೆ. ನೆಲೆಮುಟ್ಟಿಸದೆ ಲೆಕ್ಕದ ಗಡಿ ನಡೆಯುವುದಿಲ್ಲ ಎಂಬುದೂ ಹೆಸರಿನಿಂದಲೇ ತಿಳಿಯುತ್ತದೆ.

‘ಲಾಸ್ಟ್ ಸ್ಟೆಪ್ಸ್’ಗೆ (ಮೋಟರು ನಡೆಯದೆ ಕಳೆದುಹೋದ ಹೆಜ್ಜೆಗಳು) ಮಾತ್ರ ತಲೆ ಕೆರೆದುಕೊಳ್ಳಬೇಕಾಗಲಿಲ್ಲ: ‘ಹೆಜ್ಜೆ ತಪ್ಪುವುದು’. ಸ್ಟೆಪರ್ ಮೋಟರು 1.8 ಡಿಗ್ರಿಯ ಹೆಜ್ಜೆಯದಾದರೆ ಒಂದು ಸುತ್ತಿಗೆ 200 ಹೆಜ್ಜೆ. ಇಂಥ ಯಂತ್ರದ ನಿಯಂತ್ರಕ ತಾನು ಕಳಿಸಿದ ಹೆಜ್ಜೆಗಳನ್ನು ಎಣಿಸುತ್ತದೆಯೇ ಹೊರತು ಮೋಟರು ನಡೆಯಿತೋ ಇಲ್ಲವೋ ನೋಡುವುದಿಲ್ಲ. ಗೆಳೆಯನ ಉಳಿ ಕ್ಲ್ಯಾಂಪಿಗೆ ಸಿಕ್ಕಿಕೊಂಡಾಗ ತೆರೆ ಸೊನ್ನೆ ತೋರಿಸಿದ್ದು ಇದಕ್ಕೇ.

ಇನ್ನುಳಿದ ಎರಡಕ್ಕೆ ನಿಮ್ಮ ನೆರವು ಬೇಕು.

ಒಂದು, ‘ಬ್ಯಾಕ್‌ಲ್ಯಾಶ್’. ಅಕ್ಷವನ್ನು ಸರಿಸುವ ತಿರುಪು ದಿಕ್ಕು ಬದಲಿಸಿದಾಗ, ಅದರ ಮೇಲಿನ ನಟ್ಟು ಕದಲುವ ಮೊದಲು ವ್ಯರ್ಥವಾಗುವ ತುಸು ತಿರುಗಾಟ. ಕೆತ್ತಿದ ವೃತ್ತ ಅಕ್ಷಗಳು ದಿಕ್ಕು ಬದಲಿಸುವ ಜಾಗದಲ್ಲಿ ಚಪ್ಪಟೆಯಾಗುವುದು ಇದರಿಂದ. ‘ಸಡಿಲ’ ಎಂದು ಬರೆದರೆ ಓದಿದವನು ಸ್ಕ್ರೂಡ್ರೈವರ್ ಹಿಡಿದು ಚೌಕಟ್ಟಿನ ಬೋಲ್ಟುಗಳನ್ನೆಲ್ಲ ಬಿಗಿಯಲು ಕೂರುತ್ತಾನೆ. ಹೆಜ್ಜೆ ತಪ್ಪಿದರೆ ಆಮೇಲಿನ ಕೆಲಸವೆಲ್ಲ ಸರಿದುಬಿಡುತ್ತದೆ. ಇದು ಹಾಗಲ್ಲ, ಮರಳುವಾಗ ಮಾತ್ರ ಕಾಣುತ್ತದೆ. ‘ಮರುಸಡಿಲ’ ಎಂಬುದೊಂದು ಹೊಳೆದಿದೆ, ಕಿವಿಗೆ ಹಿತವಾಗಿಲ್ಲ. ಲೇತ್ ಮೇಲೆ ಕೆಲಸ ಮಾಡಿದವರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರಬೇಕು.

ಎರಡು, ವಿದ್ಯುತ್ತಿನ ‘ನಾಯ್ಸ್’. ಸ್ಪಿಂಡಲ್‌ನ ತಂತಿ ಗಡಿಯ ಸ್ವಿಚ್ಚಿನ ತಂತಿಯ ಮಗ್ಗುಲಲ್ಲೇ ಹಾದುಹೋದರೆ, ಯಾರೂ ಮುಟ್ಟದಿದ್ದರೂ ಸ್ವಿಚ್ಚು ಒತ್ತಿದಂತೆ ನಿಯಂತ್ರಕಕ್ಕೆ ತೋರಿ ಅಲಾರಂ 1 ಬರುತ್ತದೆ. ‘ಶಬ್ದದಿಂದ ಹೀಗಾಗುತ್ತದೆ’ ಎಂದು ಬರೆದಿದ್ದೆ. ಅದೇ ಗೆಳೆಯ ಹಳಿಗಳಿಗೆಲ್ಲ ಎಣ್ಣೆ ಬಿಟ್ಟು ‘ಈಗ ಸದ್ದೇ ಇಲ್ಲ, ಆದರೂ ನಿಲ್ಲುತ್ತಿದೆ’ ಎಂದು ಫೋನ್ ಮಾಡಿದ. ‘ಗದ್ದಲ’ ಎಂದಿದ್ದರೂ ಎಣ್ಣೆಯೇ ಸುರಿಯುತ್ತಿತ್ತೋ ಏನೋ. ನೀರು ಕದಡಿದ ಹಾಗೆ ಸಂಕೇತ ಕದಡುವುದು ಎಂಬ ಅರ್ಥದಲ್ಲಿ ‘ಕದಡು’ ಎಂದು ಈಗ ಬರೆದಿಟ್ಟಿದ್ದೇನೆ. ಬಳಕೆಗೆ ನಿಂತೀತೇ, ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದೆಯೇ?