ಟ್ಯಾಕ್ಟಿಕಲ್ ಮಂಡಕ್ಕಿ

ರುದ್ರೇಶಿ ಖಾರ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಿದ. ಕೈ ಹೊರಗೆ ಬಂತು, ಮಂಡಕ್ಕಿ ಬರಲಿಲ್ಲ. ಮತ್ತೊಮ್ಮೆ ಹಾಕಿದ. ಈ ಸಲ ಎರಡು ಕಾಳು ಬಂದವು. ಬಾಯಿಗೆ ಹೋಗುವ ದಾರಿಯಲ್ಲಿ ಅದರಲ್ಲೂ ಒಂದು ಬಿತ್ತು.

"ಕೈಚೀಲ ತೆಗ್ದು ತಿನ್ನಲೇ," ಅಂದ ಹಾಲೇಶಿ.

"ಕೈಚೀಲ ಅಲ್ಲಪ್ಪ ಇದು. ಟ್ಯಾಕ್ಟಿಕಲ್ ಗ್ಲೌಸು. 1,899 ರೂಪಾಯಿ."

"ಅಷ್ಟು ದುಡ್ಡಿಗೆ ಎಷ್ಟು ಮಂಡಕ್ಕಿ ಬರ್ತಿತ್ತು ಅಂತ ಲೆಕ್ಕ ಹಾಕ್ದೇನು?" ಅಂದೆ ನಾನು. "ಬಂದ್ರೂ ತಿನ್ನಾಕೆ ಆಗ್ತಿರ್ಲಿಲ್ಲ ಬಿಡು."

ಭಾನುವಾರ ಸಂಜೆ. ಹಾಲೇಶಿಯ ವೆಲ್ಡಿಂಗ್ ಶಾಪಿಗೆ ರಜೆ, ಹವಾಲ್ದಾರ್ ಕಾಕನಿಗೆ ವರ್ಷವಿಡೀ ರಜೆ, ನನಗೆ ಮನೆಯಲ್ಲಿದ್ದರೆ ಏನಾದರೂ ಕೆಲಸ ಹೇಳುತ್ತಾರೆ ಅನ್ನೋ ಭಯ. ಹಾಗಾಗಿ ಮಾಮೂಲಿ ಅಂಗಡಿ, ಮಾಮೂಲಿ ಬೆಂಚು. ರುದ್ರೇಶಿ ಮಾತ್ರ ಮಾಮೂಲಿ ಇರಲಿಲ್ಲ. ಗಿಡದೆಲೆ ಬಣ್ಣದ ಪ್ಯಾಂಟು, ಅದಕ್ಕೆ ಹನ್ನೊಂದು ಜೇಬು, ಜೀಪು ಎಳೆಯುವಷ್ಟು ಗಟ್ಟಿ ಪಟ್ಟಿಯ ಬೆಲ್ಟು, ಕೊರಳಿಗೆ ಕಿವಿ ಮುಚ್ಚುವ ದೊಡ್ಡ ಮಫ್ಫು. ಪೊಲೀಸಿನವರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟಿದ್ದಾನಂತೆ. ತರಬೇತಿ ಮುಂದಿನ ತಿಂಗಳು. ಡ್ರೆಸ್ಸು ಈಗಲೇ.

ಈ 'ಟ್ಯಾಕ್ಟಿಕಲ್', ಅಂದರೆ ಯುದ್ಧಕ್ಕೆ ಹೊರಟವರ ಥರದ್ದು, ಅನ್ನೋ ಮಾತು ದಾವಣಗೆರೆಗೆ ಯಾವ ಬಸ್ಸಿನಲ್ಲಿ ಬಂದು ಇಳಿಯಿತೋ ತಿಳಿಯದು. ಕಪ್ಪು ಬಣ್ಣ ಬಳಿದು, ಎರಡು ಕಡೆ ಪಟ್ಟಿ ಹೊಲಿದರೆ ಸಾಕು, ಪೆನ್ನೂ ಟ್ಯಾಕ್ಟಿಕಲ್, ನೀರಿನ ಬಾಟಲಿಯೂ ಟ್ಯಾಕ್ಟಿಕಲ್, ಬೆಲೆ ಮೂರು ಪಟ್ಟು. ಮೊನ್ನೆ ಒಂದು ಮದುವೆಯಲ್ಲಿ ಕೂಸಿನ ಡೈಪರ್ ಚೀಲವೂ ಮಿಲಿಟರಿ ಬಣ್ಣದಲ್ಲಿತ್ತು. ಒಳಗಿದ್ದ ಯುದ್ಧವೇ ಬೇರೆ.

ಹಾಲೇಶಿ ಗ್ಲೌಸಿನ ಗೆಣ್ಣು ಬಡಿದು ನೋಡಿದ. ಟಕ್ ಟಕ್ ಅಂತು.

"ಇದೇನು, ಆಮೆ ಚಿಪ್ಪಾ?"

"ಗೆಣ್ಣಿಗೆ ರಕ್ಷಣೆ. ಗೋಡೆಗೆ ಗುದ್ದಿದ್ರೂ ಏನೂ ಆಗಲ್ಲ."

"ಗೋಡೆ ನಿನಗೇನು ಮಾಡಿತ್ತು?" ಅಂದೆ.

ಹಾಲೇಶಿ ಅವನ ಕೈ ಮಗುಚಿ ಅಂಗೈ ನೋಡಿದ. ಕುರಿ ಸಂತೆಯಲ್ಲಿ ಹಲ್ಲು ನೋಡುವವನ ಮುಖ. "ಗುದ್ದೋ ಕಡೆ ಚಿಪ್ಪು, ಹಿಡಿಯೋ ಕಡೆ ತೆಳ್ಳನೆ ರೆಗ್ಜಿನ್ನು. ಕೆಲ್ಸ ಮಾಡೋದು ಯಾವ ಕಡೆಯಿಂದಲೇ? ಡಬ್ಬಿ ಮೇಲೆ ಸುತ್ತಿಗೆ ಚಿತ್ರ ಇತ್ತೇನು?"

"ಸುತ್ತಿಗೆ ಯಾಕೆ?"

"ಕೆಲ್ಸದ ಗ್ಲೌಸಿಗೆ ಇರ್ತತಿ. ಕೆಳಗೆ ಸಾಲಾಗಿ ಅಂಕಿ. ಮೊದಲ್ನೇದು ತಿಕ್ಕಾಟಕ್ಕೆ ಎಷ್ಟು ತಡೀತತಿ ಅಂತ, ಎರಡ್ನೇದು ಬ್ಲೇಡಿಗೆ, ಮೂರ್ನೇದು ಹರಿಯಾಕೆ, ನಾಕ್ನೇದು ಚುಚ್ಚಾಕೆ. ಯುರೋಪಿನೋರ ಲೆಕ್ಕ, ಇಎನ್ 388. ಗಾಜು ಹೊರೋನು ಎರಡ್ನೇ ಅಂಕಿ ನೋಡ್ಬೇಕು, ಸೈಜುಗಲ್ಲು ಹೊರೋನು ಮೊದಲ್ನೇದು."

"ಇದ್ರಾಗೆ ಸುತ್ತಿಗೆ ಇಲ್ಲ," ಅಂದ ರುದ್ರೇಶಿ ಮಣಿಕಟ್ಟಿನ ಚೀಟಿ ನೋಡುತ್ತಾ. "ತಲೆಬುರುಡೆ ಐತಿ."

"ಹಾಕ್ಕಂಡೋನ ಎಕ್ಸ್‌ರೇ ಇರ್ಬೇಕು."

ಹಾಲೇಶಿಗೆ ಈಗ ಹುರುಪು ಬಂದಿತ್ತು. ವೆಲ್ಡಿಂಗಿಗೆ ಮೊಣಕೈ ತನಕದ ದಪ್ಪ ತೊಗಲು, ಸ್ಕ್ರೂ ಹಿಡಿಯುವ ಸಣ್ಣ ಕೆಲಸಕ್ಕೆ ಆಡಿನ ತೊಗಲು. ಆಡಿಂದು ತೆಳ್ಳಗಿದ್ದರೂ ಗಟ್ಟಿ, ಬೆರಳು ಬೆರಳಾಗಿಯೇ ಇರುತ್ತದೆ. ಅಳತೆ ದೊಡ್ಡದಾದರೆ ಬೆರಳ ತುದಿಯಲ್ಲಿ ಖಾಲಿ ಉಳಿದು ಹಿಡಿತ ಜಾರುತ್ತದೆ, ಸಣ್ಣದಾದರೆ ಮಧ್ಯಾಹ್ನಕ್ಕೆ ಕೈ ಜೋಮು ಹಿಡಿಯುತ್ತದೆ. "ನಿನ್ನ ನೈಲಾನ್ ಮೇಲೆ ಒಂದು ಕಿಡಿ ಬೀಳ್ಲಿ, ಕರಗಿ ಚರ್ಮಕ್ಕೆ ಅಂಟ್ಕಂತತಿ. ಇನ್ನು ಡ್ರಿಲ್ಲಿಂಗ್ ಮಿಷನ್ ಹತ್ರ ಯಾವ ಗ್ಲೌಸೂ ಬ್ಯಾಡ. ತಿರುಗೋದಕ್ಕೆ ಬಟ್ಟೆ ಸಿಕ್ತೋ, ಕೈನೂ ಎಳ್ಕಂಡು ಸುತ್ತಿ ಬಿಡ್ತತಿ." ಅಷ್ಟು ಹೇಳಿ ಎಡಗೈ ಎತ್ತಿದ. ಅದರ ಕಿರುಬೆರಳು ಮುಕ್ಕಾಲೇ ಉಳಿದಿರೋದು ನಮಗೆಲ್ಲ ಗೊತ್ತು. ಯಾಕೆ ಅಂತ ಇಷ್ಟು ವರ್ಷ ಕೇಳಿದಾಗೆಲ್ಲ ಒಂದೊಂದು ಕಥೆ ಕಟ್ಟಿದ್ದ. ಯಾರೂ ಏನೂ ಅನ್ನಲಿಲ್ಲ. ಮಿರ್ಚಿ ಬಂತು.

"ಕೈ ಬಿಡ್ರಲೇ, ಕಾಲು ನೋಡ್ಕಳ್ರಿ ಮೊದ್ಲು," ಅಂದ ಕಾಕ. "ಬೂಟು ತಗಣಾಕೆ ಸಂಜಿ ಹೊತ್ತು ಹೋಗ್ಬೇಕು. ಆಗ ಕಾಲು ಊದಿರ್ತತಿ. ಬೆಳಗ್ಗೆ ತಗಂಡ ಬೂಟು ಸಂಜಿಗೆ ಕಚ್ತತಿ. ನಮ್ಗೆ ಡಿಎಂಎಸ್ ಅಂತ ಮಿಲ್ಟ್ರಿ ಬೂಟು ಕೊಡ್ತಿದ್ರು. ಮೊದ್ಲಾರು ತಿಂಗ್ಳು ಬೂಟು ನಮ್ಮನ್ನ ಪಳಗಿಸ್ತಿತ್ತು, ಆಮೇಲೆ ನಾವು ಬೂಟನ್ನ."

"ನನ್ನ ಶಾಪಿನಾಗೆ ಕಬ್ಬಿಣದ ಮೂತಿ ಇರೋವು," ಅಂದ ಹಾಲೇಶಿ. "200 ಜೌಲ್ ಪೆಟ್ಟು ತಡೀಬೇಕು ಅಂತ ರೂಲ್ಸು. ಅಂದ್ರೆ 20 ಕೆಜಿ ಕಬ್ಬಿಣ ಒಂದು ಮೀಟರ್ ಮೇಲಿಂದ ಬೆರಳ ಮೇಲೆ ಬಿದ್ದಂಗೆ."

ರುದ್ರೇಶಿಯ ಬೂಟಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಆಫರಿನಲ್ಲಿ ಒಂದು ನಂಬರು ಸಣ್ಣದು ಸಿಕ್ಕಿತ್ತು. ಕುಂತಲ್ಲೇ ಕುಂಟುತ್ತಿದ್ದ.

"ಪ್ಯಾಂಟಿಗೆ ಏನಂತೀರಿ?" ಅಂದ, ಸೋಲೊಪ್ಪದೆ. "ತೊಡೆ ಸಂದಿಗೆ ಬೇರೆ ತುಂಡು ಕೊಟ್ಟು ಹೊಲ್ದಿದಾರೆ. ಎಷ್ಟು ಕುಕ್ಕರಗಾಲಾಗೆ ಕುಂತ್ರೂ ಹರಿಯಲ್ಲ. ಹನ್ನೊಂದು ಜೇಬು."

"ಯಾವ ಜೇಬಿನಾಗೆ ಏನಿಟ್ಟೆ ಅಂತ ಬರೆದಿಡಾಕೆ ಒಂದು ಡೈರಿ ಬೇಕು. ಆ ಡೈರಿ ಇಡಾಕೆ ಹನ್ನೆರಡ್ನೇ ಜೇಬು ಬೇಕು," ಅಂದೆ. "ಲೇ, ನಿಮ್ಮಜ್ಜನ ಪಟಾಪಟಿ ಚಡ್ಡಿ ನೆನಪೈತೇನು? ಹತ್ತಿ ಬಟ್ಟೆ, ಬೆವರು ಹೀರ್ತತಿ, ಗಾಳಿ ಆಡ್ತತಿ. ದೊಗಳೆ, ನಾಟಿ ಗದ್ದಿಯಾಗೆ ಬಗ್ಗಿದ್ರೂ ಹರಿಯಲ್ಲ. ಜೇಬು ಒಂದೇ. ಬೀಡಿ, ಬೆಂಕಿಪಟ್ಣ, ಬಸ್ ಚಾರ್ಜು. ಮೇಲಾಗಿ ಉದ್ದುದ್ದ ಪಟ್ಟೆ, ಜೋಳದ ಹೊಲದಾಗೆ ನಿಂತ್ರೆ ಮನುಷ್ಯ ಐತೋ ಇಲ್ಲೋ ಗೊತ್ತಾಗ್ತಿರ್ಲಿಲ್ಲ. ಉಡದಾರ ಅಂದ್ರೆ ಟ್ಯಾಕ್ಟಿಕಲ್ ಬೆಲ್ಟು. ಮಂಡಿಪೇಟೆ ಹಮಾಲರ ತಲಿ ಮೇಲಿನ ಸಿಂಬಿ ಟ್ಯಾಕ್ಟಿಕಲ್ ಹೆಲ್ಮೆಟ್ಟು. ಇಡೀ ಜಿಲ್ಲೆ ಕಮಾಂಡೋ ಆಗಿತ್ತು. ಫೋಟೋ ಹಿಡಿಯೋರು ಇರ್ಲಿಲ್ಲ ಅಷ್ಟೆ."

ಕಾಕನಿಗೆ ನಗು ಬಂದು ಮಿರ್ಚಿ ನೆತ್ತಿಗೆ ಹತ್ತಿತು. ನೀರು ಕುಡಿದು ಕಣ್ಣೊರೆಸಿಕೊಂಡು, "ಅಷ್ಟ್ಯಾಕೆ, ಓಬವ್ವ ಏನು ಗ್ಲೌಸು..." ಅಂತ ಶುರು ಮಾಡಿದ.

"ಕಾಕ, ಆಯಮ್ಮನ್ನ ದುರ್ಗದಿಂದ ಕರ್ಕಂಬರ್ಬ್ಯಾಡ. ನಾವು ಏನು ಮಾತಾಡಿದ್ರೂ ಹತ್ತು ನಿಮಿಷಕ್ಕೆ ಓಬವ್ವ ಬಂದು ನಿಂತಿರ್ತಾಳೆ. ಪಾಪ, ಒನಕೆ ಇಳಿಸಿ ಒಂಚೂರು ಕೂರ್ಲಿ."

ರುದ್ರೇಶಿ ಮತ್ತೆ ಪೊಟ್ಟಣಕ್ಕೆ ಕೈ ಇಟ್ಟ. ಈ ಸಲ ಈರುಳ್ಳಿ ಚೂರೊಂದು ಗೆಣ್ಣಿನ ಚಿಪ್ಪಿಗೆ ಸಿಕ್ಕಿಕೊಂಡು ಬಂತು. ಅದನ್ನು ಹಲ್ಲಿನಿಂದ ಕಿತ್ತು ತಿಂದ.

"ಈ ಮಂಡಕ್ಕಿ ಹುರಿದೋನು ಭಟ್ಟಿಯಾಗೆ ಕಾದ ಮರಳಿನ ಮುಂದೆ ನಿಂತಿರ್ತಾನೆ," ಅಂದ ಹಾಲೇಶಿ. "ಕೈಗೆ ಗೋಣಿತಾಟು, ಬಾಯಿಗೆ ಟವೆಲ್ಲು. ಅವ್ನಿಗೆ ಬೇಕಾಗಿದ್ದನ್ನ ನೀನು ಹಾಕ್ಕಂಡು ಅವ್ನು ಹುರಿದಿದ್ದನ್ನ ತಿನ್ನಾಕೆ ಬಂದೀಯ."

"ತಿಂತಿಲ್ಲಲ್ಲ, ಅದೇ ಕಷ್ಟ," ಅಂದೆ.

"ಆತಪ್ಪ, ಕೆಲ್ಸದ್ದು ಬಿಡ್ರಿ. ಗುಂಡು ಹೊಡಿಯಾಕೆ ಬೇಕಲ್ಲ?" ಅಂದ ರುದ್ರೇಶಿ.

"ಗುಂಡು ಹೊಡಿಯಾಕೆ ಏನು ಬೇಕು? 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡ್ಲಿಲ್ಲೇನು? ಟರ್ಕಿಯ ಯೂಸುಫ್ ಡಿಕೆಚ್, 51 ವರ್ಷ. ಟೀ ಶರ್ಟು, ಮಾಮೂಲಿ ಕನ್ನಡಕ, ಒಂದು ಕೈ ಜೇಬಿನಾಗೆ. ಹಾಲು ತರಾಕೆ ಬಂದೋನು ಹಂಗೇ ನಿಂತು ಹೊಡ್ದಂಗೆ ಹೊಡ್ದು ಬೆಳ್ಳಿ ತಗಂಡು ಹೋದ. ಅದೇ ಮಿಕ್ಸೆಡ್ ಏರ್ ಪಿಸ್ತೂಲಿನಾಗೆ ನಮ್ಮ ಮನು ಭಾಕರ್, ಸರಬ್ಜೋತ್ ಸಿಂಗ್‌ಗೆ ಕಂಚು. ಯಾರ ಗೆಣ್ಣಿನ ಮೇಲೂ ಆಮೆ ಇರ್ಲಿಲ್ಲ. ರೈಫಲ್‌ನೋರು ಗ್ಲೌಸು ಹಾಕಿದ್ರೂ ಬಂದೂಕು ಹೊರೋ ಕೈಗೆ. ಟ್ರಿಗರ್ ಎಳೆಯೋ ಬೆರಳಿಗೆ ಚರ್ಮಾನೇ ಬೇಕು."

ಗೆದ್ದೆ ಅಂದುಕೊಂಡು ಮಿರ್ಚಿ ಕಚ್ಚಿದೆ.

"ಅವ್ನ ಕಿವಿಯಾಗೆ ಹಳದಿ ಪ್ಲಗ್ ಇತ್ತು," ಅಂದ ರುದ್ರೇಶಿ. "ಅದು ನಿನಗೆ ಕಾಣ್ಲಿಲ್ಲ."

ಕಾಣಲಿಲ್ಲ ಅನ್ನೋದು ನಿಜ.

"ಬಂದೂಕಿನ ಸದ್ದು 140 ಡೆಸಿಬೆಲ್ ದಾಟ್ತತಿ. ಒಂದೇ ಏಟಿಗೂ ಕಿವಿ ಹೋಗ್ಬಹುದು, ಹೋದ್ಮೇಲೆ ಬರಲ್ಲ. ಅದಕ್ಕೆ ಒಳಗೆ ಪ್ಲಗ್ಗು, ಮೇಲೆ ಮಫ್ಫು. ಪ್ಲಗ್ಗನ್ನ ಬೆರಳಾಗೆ ಹೊಸ್ದು ಬತ್ತಿ ಮಾಡಿ, ಇನ್ನೊಂದು ಕೈಯಾಗೆ ಕಿವಿ ಮೇಲಕ್ಕೆ ಎಳ್ದು ತೂರ್ಸಿ, ಉಬ್ಬೋ ತನಕ ಒತ್ತಿ ಹಿಡೀಬೇಕು."

"ಕಿವಿ ಎಳೆಯೋದು ನಮ್ಮ ಮೇಷ್ಟ್ರು ಮಾಡಿದ್ರು, ತೂರ್ಸೋದು ಮರ್ತಿದ್ರು," ಅಂದೆ. ಆದರೆ ನನ್ನ ಮಾತಿನಲ್ಲಿ ಮೊದಲಿನ ಕಸುವಿರಲಿಲ್ಲ.

"ನಾವು ಹತ್ತಿ ಇಟ್ಕಂಡು ಹೊಡೀತಿದ್ವಿ," ಅಂದ ಕಾಕ.

"ಹತ್ತಿಯಿಂದ ಏನೂ ಆಗಲ್ಲ ಕಾಕ, ಸದ್ದು ಹಾಯ್ದು ಹೋಗ್ತತಿ."

"ಏನಂದೆ?"

"ಅದೇ ಅಂದೆ."

ರುದ್ರೇಶಿ ಬಿಡಲಿಲ್ಲ. ಅಪರೂಪಕ್ಕೆ ಅವನ ಕೈ ಮೇಲಾಗಿತ್ತು. "ಗುಂಡೇ ಬೇಕು ಅಂತಿಲ್ಲ. 85 ಡೆಸಿಬೆಲ್ ಸದ್ದಾದ್ರೆ ದಿನಕ್ಕೆ 8 ತಾಸು ತಡ್ಕಬಹುದು. ಅದ್ರ ಮೇಲೆ ಮೂರು ಏರಿದಂಗೆಲ್ಲ ಟೈಮು ಅರ್ಧ. 100 ಆದ್ರೆ ಕಾಲು ತಾಸು, ಅಷ್ಟೆ."

"ಮಗ್ಗದ ಸದ್ದು ಎಷ್ಟಿರ್ತತಿ?" ಅಂತ ಕೇಳಿದೆ.

"ಯಾವ ಮಗ್ಗ?"

"ಮಿಲ್ಲಿಂದು."

ರುದ್ರೇಶಿ ಮೊಬೈಲ್ ತೆಗೆದು ಗೀರಿದ. ಟಚ್ ಸ್ಕ್ರೀನಿಗೂ ಆಗುತ್ತದೆ ಅಂತ ಬರೆದಿದ್ದ ಬೆರಳು ಅದು. ಒಗ್ಗರಣೆ ಎಣ್ಣೆ ಮೆತ್ತಿ ಸ್ಕ್ರೀನು ಜಪ್ಪಯ್ಯ ಅನ್ನಲಿಲ್ಲ. ಅರ್ಧ ತಾಸಿನಿಂದ ನಾವು ಹೇಳಿದ್ದಕ್ಕೆ ಬಿಚ್ಚದವನು ಈಗ ಚರ್ರಂತ ಪಟ್ಟಿ ಕಿತ್ತು ಗ್ಲೌಸು ಬೆಂಚಿನ ಮೇಲೆ ಒಗೆದ. ನೋಡಿದ. "ನೂರರ ಹತ್ರಾನೇ ಐತಲೇ," ಅಂದ, ಸಣ್ಣ ದನಿಯಲ್ಲಿ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅಪ್ಪಾಜಿ ಮಿಲ್ಲಿಗೆ ಸೇರಿದ್ದು. ಪಾಳಿ ಮುಗಿಸಿ ಬಂದರೆ ತಲೆ, ಹುಬ್ಬು, ಮೀಸೆಯೆಲ್ಲ ಹತ್ತಿ. ಮುದುಕನಾಗಿ ಬಂದು ಸ್ನಾನ ಮಾಡಿ ಹರೆಯದವನಾಗುತ್ತಿದ್ದ. ಕಿವಿಯಲ್ಲೂ ಹತ್ತಿ ಇರುತ್ತಿತ್ತು, ಅದು ಮಾತ್ರ ತಾನೇ ಇಟ್ಟುಕೊಂಡಿದ್ದು. ನೂರು ಡೆಸಿಬೆಲ್‌ಗೆ ಕಾಲು ತಾಸು ಅನ್ನೋ ಲೆಕ್ಕ ಹಿಡಿದರೆ, ದಿನಾ ಉಳಿದ ಏಳೂಮುಕ್ಕಾಲು ತಾಸು ಅಪ್ಪಾಜಿ ಮಾಡಿದ್ದು ಓವರ್‌ಟೈಮು. ಆ ಲೆಕ್ಕ ಯಾವ ಪಗಾರದ ಚೀಟಿಯಲ್ಲೂ ಬರಲಿಲ್ಲ.

"ಈಗ ಹೆಂಗದಾರೆ ಅಪ್ಪಾಜಿ?" ಅಂದ ಹಾಲೇಶಿ.

"ಚೆನ್ನಾಗದಾರೆ. ಕೀರಲು ಸದ್ದು ಮೊದ್ಲು ಹೋಗ್ತತಂತೆ, ಅದು ಹೋಗಿ ಬಾಳ ದಿನ ಆತು. ಹಕ್ಕಿ ಕೂಗಿದ್ದು ಕೇಳಲ್ಲ. ಭಾನುವಾರ ಮಂಡಕ್ಕಿ ಕಟ್ಟಿಸ್ಕಂಡು ಹೋಗ್ತೀನಲ್ಲ, ಒಂದು ಮುಕ್ಕು ಹಾಕ್ಕಂಡು ಪ್ರತಿ ಸಲ ಒಂದೇ ಮಾತು. 'ಈಗಿನ ಮಂಡಕ್ಕಿ ಮೊದಲಿನಂಗೆ ಗರಿಗರಿ ಇಲ್ಲ ಬಿಡಪ್ಪ, ಮೆತ್ತಗಾಗ್ಯತಿ.'"

ಯಾರೂ ಮಾತಾಡಲಿಲ್ಲ. ಮೌನ ಕಂಡರೆ ಆಗದ ರುದ್ರೇಶಿ ಮಫ್ಫು ಕಿವಿಗೇರಿಸಿಕೊಂಡು, ಬರಿಗೈಯಲ್ಲಿ, ಆ ಸಂಜೆ ಮೊದಲ ಬಾರಿಗೆ ಬಾಯಿ ತುಂಬ ಮಂಡಕ್ಕಿ ಹಾಕಿಕೊಂಡ. ಎರಡು ಸಲ ಅಗಿದು ಕಣ್ಣರಳಿಸಿದ.

"ಲೇ! ತಲಿಯಾಗೆ ಜಲ್ಲಿ ಕ್ರಷರ್ ಓಡ್ದಂಗೆ ಆಗ್ತತಲ್ಲಲೇ!"

ತನಗೆ ಕೇಳದ್ದರಿಂದ ಇಡೀ ಅಂಗಡಿಗೆ ಕೇಳುವಂತೆ ಕಿರುಚಿದ್ದ. ಕಾಕ ಕಿತ್ತುಕೊಂಡ. ಹೊರಗಿನ ಸದ್ದು ಮುಚ್ಚಿದರೆ ಅಗಿಯೋ ಸದ್ದು ಎಲುಬಿನೊಳಗಿಂದ ಬಂದು ಕಿವಿಯಲ್ಲೇ ನಿಲ್ಲುತ್ತದೆ. ಕಾಕ ಕಣ್ಣು ಮುಚ್ಚಿ ಅಗಿದ, ಹಾಲೇಶಿ ಅಗಿದ, ಆಮೇಲೆ ನಾನು. ಕುರುಂ ಕುರುಂ. ಐವತ್ತು ದಾಟಿದ ನಾಲ್ಕು ಗಂಡಸರು ಸರದಿಯಲ್ಲಿ ಕಿವಿ ಮುಚ್ಚಿಕೊಂಡು ಮಂಡಕ್ಕಿ ಕೇಳುವುದನ್ನು ಅಂಗಡಿಯವನು ಜಾಲರಿ ಸೌಟು ಹಿಡಿದು ನೋಡುತ್ತಾ ನಿಂತ. ಎಣ್ಣೆಯಲ್ಲಿ ಒಂದು ಒಬ್ಬೆ ಮಿರ್ಚಿ ಸೀದಿತು.

ಏಳುವಾಗ ಕೇಳಿದೆ. "ಇದನ್ನ ಒಂದು ರಾತ್ರಿ ಮಟ್ಟಿಗೆ ಕೊಡ್ತೀಯೇನಲೇ?"

"ಯಾಕೆ?"

"ಅಪ್ಪಾಜಿಗೆ."

"ಕಿವಿ ಕೇಳ್ದೋರಿಗೆ ಯಾರಾದ್ರೂ ಕಿವಿ ಮುಚ್ಚೋದು..." ಅಂದವನು ಅಲ್ಲಿಗೇ ನಿಲ್ಲಿಸಿದ. ಮಫ್ಫಿನ ಮೇಲಿದ್ದ ಖಾರದ ಪುಡಿಯನ್ನು ಹನ್ನೊಂದು ಜೇಬಿನ ಪ್ಯಾಂಟಿಗೆ ಒರೆಸಿ ಕೊಟ್ಟ.

ಅಂಗಡಿಯವನು ಪಾರ್ಸಲ್ ಕಟ್ಟುತ್ತಾ ಕೇಳಿದ. "ಖಾರ ಎಷ್ಟು ಹಾಕ್ಲಿ ಅಣ್ಣ?"

"ಖಾರ ಹೆಂಗಾರ ಇರ್ಲಿ. ಗರಿಗರಿ ಇರೋದು ನೋಡಿ ಹಾಕು."